ಕೂಲಿ, ಕಣಜ, ಲೆಕ್ಕ: ಆಫ್ರಿಕಾದ ಹಳ್ಳಿಗಳ ದುಡಿಮೆ

ಕೇಳುಗರೆಲ್ರಿಗೂ ನಮಸ್ಕಾರ.

ಒಬ್ಬ ರೈತರ ಮನೆಗೆ ಹೋಗಿ, ಕಳೆದ ಹಂಗಾಮಲ್ಲಿ ಹಳ್ಳದ ಪಕ್ಕದ ಹೊಲದಲ್ಲಿ ನೀವು ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಿದ್ರಿ ಅಂತ ಕೇಳಿದ್ರೆ ಅವ್ರು ಏನಂತ ಹೇಳ್ಬೇಕು? ಹಾಜರಿ ಪುಸ್ತಕ ಇರಲ್ಲ, ಒಂದಿನ ಸೊಂಟ ಬಗ್ಗಿಸಿ ಸಂಜೆವರೆಗೂ ಕಳೆ ಕಿತ್ತಿರ್ತಾರೆ, ಇನ್ನೊಂದಿನ ಮಳೆ ಹಿಡ್ಕೊಂತು ಅಂತ ಗಂಟೆಯೊಳಗೇ ಮನೆಗೆ ಬಂದಿರ್ತಾರೆ. ಆಫ್ರಿಕಾದ ಹಳ್ಳಿಗಳ ಉದ್ಯೋಗ, ಆದಾಯ ಅಂತ ನಾವು ಪೇಪರಲ್ಲಿ ಓದೋ ಅಂಕಿಅಂಶಗಳಲ್ಲಿ ಬಹಳಷ್ಟು ನಿಂತಿರೋದು ಇಂಥ ಪ್ರಶ್ನೆಗೆ ಜನ ನೆನಪು ಮಾಡ್ಕೊಂಡು ಕೊಟ್ಟ ಉತ್ತರದ ಮೇಲೇನೆ.

2014ರಲ್ಲಿ ತಾಂಜಾನಿಯಾದ ಮಾರಾ ಪ್ರಾಂತ್ಯದಲ್ಲಿ, ಅದು ವಿಕ್ಟೋರಿಯಾ ಸರೋವರದ ಪೂರ್ವ ದಂಡೆ ಮೇಲಿರೋ ಸೀಮೆ, ಅಲ್ಲಿ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು. ಕೆಲವು ಮನೆಗಳಿಗೆ ಹಂಗಾಮು ಪೂರ್ತಿ ವಾರ ವಾರ ಹೋಗಿ ಕೇಳಿದ್ರು, ಕೆಲವರಿಗೆ ವಾರ ವಾರ ಫೋನ್ ಮಾಡಿದ್ರು, ಉಳಿದವರನ್ನ ಮಾಮೂಲಿ ಸರ್ವೆ ಥರ ಕೊಯ್ಲು ಮುಗಿದ ಮೇಲೆ ಒಂದೇ ಸಲ ಮಾತಾಡಿಸಿದ್ರು. ಕೊನೇಲಿ ಒಂದೇ ಸಲ ಕೇಳಿದ ಲೆಕ್ಕದಲ್ಲಿ ಒಬ್ಬೊಬ್ರು ಒಂದೊಂದು ಹೊಲದಲ್ಲಿ ಮಾಡಿದ ಗಂಟೆಗಳು ನಾಲ್ಕು ಪಟ್ಟಿನವರೆಗೂ ಜಾಸ್ತಿ ಬಂದ್ವು! ಯಾರೂ ಬೇಕೂಂತ ಸುಳ್ಳು ಹೇಳಿದ್ದಲ್ಲ, ಕೆಲಸ ದಿನಾ ಒಂದೇ ಥರ ಇಲ್ದಿದ್ದಾಗ ಮನುಷ್ಯ ಅಂದಾಜಲ್ಲೇ ಹೇಳೋದು. ಇನ್ನೂ ಒಂದು ವಿಷಯ ಗೊತ್ತಾಯ್ತು, ಅದೇ ಜನ ಕೆಲವು ಹೊಲಗಳನ್ನ, ಅಲ್ಲಿ ದುಡಿದ ಕೆಲವು ಮನೆಮಂದಿನ ಹೇಳೋದೇ ಮರ್ತುಬಿಟ್ಟಿದ್ರು. ಹಾಗಾಗಿ ಇಡೀ ಮನೆಯ ಒಟ್ಟು ಹಾಕಿದಾಗ ಹೆಚ್ಚಾಗಿದ್ದು ಕಮ್ಮಿಯಾಗಿದ್ದು ಒಂದಕ್ಕೊಂದು ವಜಾ ಆಗಿ ಮೊತ್ತ ಹೆಚ್ಚೂಕಮ್ಮಿ ಸರಿಯಾಗೇ ಕಾಣುತ್ತೆ. ನನ್ನ ಚಿಂತೆ ಇರೋದು ಇಲ್ಲೇ, ಮೊತ್ತ ಸರಿ ಇದೆ ಅಂತ ನಾವು ಸಮಾಧಾನ ಮಾಡ್ಕೊಂಡ್ರೆ ಲೆಕ್ಕದಿಂದ ಬಿಟ್ಟುಹೋದವರು ಯಾರು ಅಂತ ಯಾರೂ ಕೇಳಲ್ಲ.

ಯಾವ ತಿಂಗಳಲ್ಲಿ ಕೇಳಿದ್ರಿ ಅನ್ನೋದೂ ಅಷ್ಟೇ ದೊಡ್ಡ ವಿಷಯ. ಮಲಾವಿ ದೇಶ ತಗೊಳ್ಳಿ, ಪಕ್ಕದ ಜಾಂಬಿಯಾದ ಪೂರ್ವ ಭಾಗನೂ ಹಾಗೇ, ಅಲ್ಲಿ ಊಟ ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಮಳೆ ನವೆಂಬರ್‌ ಹೊತ್ತಿಗೆ ಶುರುವಾಗುತ್ತೆ, ಕೊಯ್ಲು ಏಪ್ರಿಲ್ ಮೇ ತಿಂಗಳಿಗೆ. ಜನವರಿಯಿಂದ ಮಾರ್ಚ್‌ವರೆಗೆ ಬಡವರ ಮನೇಲಿ ಕಣಜ ಖಾಲಿ, ಹೊಸ ಬೆಳೆ ಇನ್ನೂ ಹಸಿರು. ಅದೇ ಹೊತ್ತಲ್ಲಿ ಹೊಲದಲ್ಲಿ ಕಳೆ ಎದ್ದು ನಿಂತಿರುತ್ತೆ. ಆಗ ಬಡ ರೈತರು ಏನ್ ಮಾಡ್ತಾರೆ ಅಂದ್ರೆ ತಮ್ಮ ಹೊಲ ಬಿಟ್ಟು ಉಳ್ಳವರ ಹೊಲದಲ್ಲಿ ಕಳೆ ಕೀಳೋಕೆ ಹೋಗ್ತಾರೆ. ಇದಕ್ಕೆ ಅಲ್ಲಿ ಗನ್ಯು ಅಂತಾರೆ, ಇಷ್ಟು ಕೆಲಸಕ್ಕೆ ಇಷ್ಟು ಅಂತ ಮಾತಾಡ್ಕೊಂಡು ಮಾಡೋ ಕೂಲಿ, ದುಡ್ಡಾದ್ರೂ ಸರಿ ಮೆಕ್ಕೆಜೋಳ ಆದ್ರೂ ಸರಿ. ಅವತ್ತಿನ ಹೊಟ್ಟೆ ತುಂಬುತ್ತೆ, ಆದ್ರೆ ತಮ್ಮ ಬೆಳೆ ಕಳೆಯಲ್ಲಿ ಮುಳುಗುತ್ತೆ, ಇಳುವರಿ ಕಮ್ಮಿಯಾಗುತ್ತೆ, ಮುಂದಿನ ಜನವರಿಗೆ ಕಣಜ ಇನ್ನೂ ಬೇಗ ಖಾಲಿ. ಸರ್ವೆಯವರು ಆ ತಿಂಗಳಲ್ಲಿ ಬಂದ್ರೆ ಇವರಿಗೆ ಉದ್ಯೋಗ ಇದೆ, ಕೂಲಿ ಆದಾಯ ಇದೆ ಅಂತ ಬರ್ಕೊಂಡು ಹೋಗ್ತಾರೆ. ಅದೇ ಕೊಯ್ಲು ಆದ್ಮೇಲೆ ಬಂದ್ರೆ ಅರೆಬರೆ ಕೆಲಸದ ಜನ, ದುಡಿಯೋ ಕೈ ಬೇಕಾದಷ್ಟಿದೆ ಕೆಲಸ ಇಲ್ಲ ಅಂತ ಬರೀತಾರೆ. ಒಂದೇ ಮನೆ ರೀ ಅದು!

ಜಾಂಬಿಯಾದ ಚಿಪಾಟಾ ಜಿಲ್ಲೇಲಿ ಒಂದು ಪ್ರಯೋಗ ಮಾಡಿದ್ರು, ನನಗೆ ತುಂಬಾ ಹಿಡಿಸಿದ ಸಂಶೋಧನೆ ಇದು. ಹಸಿವಿನ ಕಾಲದಲ್ಲಿ ರೈತರಿಗೆ ದುಡ್ಡು ಅಥವಾ ಮೆಕ್ಕೆಜೋಳದ ರೂಪದಲ್ಲಿ ಸಣ್ಣ ಸಾಲ ಕೊಟ್ರು, ಕೊಯ್ಲು ಆದ್ಮೇಲೆ ತೀರಿಸಿ ಅಂದ್ರು. ಸಾಲ ತಗೊಂಡವರು ಗನ್ಯುಗೆ ಹೋಗೋದು ಕಮ್ಮಿ ಮಾಡಿದ್ರು, ತಮ್ಮ ಹೊಲದಲ್ಲಿ ಜಾಸ್ತಿ ದುಡಿದ್ರು, ಬೆಳೆ ಹೆಚ್ಚಾಯ್ತು, ಕೂಲಿಗೆ ಬರೋರು ಕಮ್ಮಿಯಾದ್ರಿಂದ ಆ ಊರುಗಳಲ್ಲಿ ಕೂಲಿ ದರಾನೂ ಏರಿತು, ಸಾಲ ತಗೊಂಡ ಬಹುಪಾಲು ಜನ ಸಾಲನೂ ತೀರಿಸಿದ್ರು. ಕೂಲಿಗೆ ಹೋಗೋ ದಿನ ಕಮ್ಮಿಯಾಗಿದ್ದು ಇಲ್ಲಿ ಒಳ್ಳೇ ಸುದ್ದಿ, ಬರೀ ಕೂಲಿ ದಿನಗಳ ಸಂಖ್ಯೆ ನೋಡ್ತಾ ಕೂತವರಿಗೆ ಇದು ಉದ್ಯೋಗ ಕುಸಿತ ಅಂತಲೇ ಕಾಣ್ಬೋದು.

ಇನ್ನು ಉದ್ಯೋಗ ಅಂದ್ರೆ ಏನು ಅನ್ನೋ ವ್ಯಾಖ್ಯಾನನೇ 2013ರಲ್ಲಿ ಬದಲಾಯ್ತು. ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ, ಮುಖ್ಯವಾಗಿ ಮನೆ ಊಟಕ್ಕೇ ಬೆಳೆಯೋದು ಕೆಲಸ ಹೌದು ಆದ್ರೆ ಉದ್ಯೋಗ ಅಲ್ಲ ಅಂತ ತೀರ್ಮಾನ ಆಯ್ತು. ಹಳೇ ಲೆಕ್ಕದಲ್ಲಿ ಉದ್ಯೋಗಿ ಆಗಿದ್ದ ಎಷ್ಟೋ ರೈತರು, ಅದ್ರಲ್ಲೂ ಹೆಂಗಸರು, ಹೊಸ ಲೆಕ್ಕದಲ್ಲಿ ಉದ್ಯೋಗಿ ಅಲ್ಲ. ಹಾಗಾಗಿ ಹಳೇ ವರ್ಷದ ಸಂಖ್ಯೆನೂ ಹೊಸ ವರ್ಷದ ಸಂಖ್ಯೆನೂ ಪಕ್ಕಪಕ್ಕ ಇಟ್ಟು ನಿರುದ್ಯೋಗ ಏರಿತು ಅಂತ ಬರೆಯೋ ಮುಂಚೆ ಯಾವ ವ್ಯಾಖ್ಯಾನ ಅಂತ ನೋಡ್ಲೇಬೇಕು.

ಹೆಂಗಸರ ವಿಷಯಕ್ಕೆ ಬಂದ್ರೆ, ಆಫ್ರಿಕಾದ ಕೃಷಿ ದುಡಿಮೆಯಲ್ಲಿ ಅವರದು 60ರಿಂದ 80 ಪರ್ಸೆಂಟ್ ಅನ್ನೋ ಮಾತು ಎಷ್ಟೋ ವರ್ಷದಿಂದ ಓಡಾಡ್ತಿತ್ತು. ಆರು ದೇಶಗಳ ಮನೆಮನೆ ಸರ್ವೆ ಇಟ್ಕೊಂಡು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದಾಗ ಬೆಳೆ ಕೆಲಸದಲ್ಲಿ ಹೆಂಗಸರ ಪಾಲು ಸರಾಸರಿ 40 ಪರ್ಸೆಂಟ್ ಬಂತು. ಉಗಾಂಡದಲ್ಲಿ 56, ನೈಜರ್‌ನಲ್ಲಿ 24, ನೈಜೀರಿಯಾ ಒಂದರೊಳಗೇ ದಕ್ಷಿಣಕ್ಕೆ 51, ಉತ್ತರಕ್ಕೆ 32. ಹಾಗಾದ್ರೆ ಉತ್ತರ ನೈಜೀರಿಯಾದ ಹೆಂಗಸರು ಸುಮ್ನೆ ಕೂತಿರ್ತಾರಾ? ಖಂಡಿತ ಇಲ್ಲ. ಇದಕ್ಕೆ ಉತ್ತರ ಅರ್ಧ ಶತಮಾನದ ಹಿಂದೇನೇ ಒಬ್ಬರು ಬರೆದಿಟ್ಟಿದ್ರು, ಅವರಿಗೂ ನಮ್ಮ ಕರ್ನಾಟಕಕ್ಕೂ ನಂಟಿದೆ.

ಅವರು ಪಾಲಿ ಹಿಲ್, ಬ್ರಿಟಿಷ್ ಸಂಶೋಧಕಿ, ಅರ್ಥಶಾಸ್ತ್ರಜ್ಞ ಕೇನ್ಸ್ ಅವರಿಗೆ ಸೋದರ ಸೊಸೆ. ಘಾನಾದ ಕೋಕೋ ಬೆಳೆಗಾರರ ಬಗ್ಗೆ ಕೆಲಸ ಮಾಡಿ ಆಮೇಲೆ 1967ರಲ್ಲಿ ಉತ್ತರ ನೈಜೀರಿಯಾದ ಕತ್ಸಿನ ಹತ್ರ ಬಟಗರವಾ ಅನ್ನೋ, ಹೌಸಾ ಭಾಷೆ ಆಡೋ ಜನರ ಊರಿಗೆ ಹೋದ್ರು. ಅಲ್ಲಿ ಮದುವೆಯಾದ ಮುಸ್ಲಿಂ ಹೆಂಗಸರು ಹಗಲು ಹೊತ್ತು ಮನೆಯಿಂದ ಹೊರಗೆ ಬರಲ್ಲ, ಆದ್ರೆ ಗೋಡೆ ಒಳಗಿಂದಲೇ ಕಾಳು, ಕಡಲೆಕಾಯಿ ಎಣ್ಣೆ, ಬೇಯಿಸಿದ ತಿಂಡಿ ಮಾರ್ತಾರೆ, ಮಕ್ಕಳು ಮನೆಮನೆಗೆ ಹೊತ್ಕೊಂಡು ಹೋಗ್ತಾರೆ. ಆ ದುಡ್ಡು ಅವಳದೇ, ಗಂಡನದಲ್ಲ, ಗಂಡನೂ ಬೇಕಾದ್ರೆ ಹೆಂಡತಿ ಹತ್ರ ದುಡ್ಡು ಕೊಟ್ಟೇ ಕೊಂಡ್ಕೋಬೇಕು. ಅಪ್ಪನ ಜೊತೆ ಕೂಡು ಬೇಸಾಯ ಮಾಡೋ ಮದುವೆಯಾದ ಮಗನಿಗೂ ತನ್ನದೇ ಅಂತ ಒಂದು ತುಂಡು ಹೊಲ ಇರುತ್ತೆ, ಬೇಸಿಗೇಲಿ ದೂರದ ಊರಿಗೆ ದುಡಿಯೋಕೆ ಹೋಗೋರೂ ಇರ್ತಾರೆ. ಮನೆ ಯಜಮಾನನ್ನ ಒಬ್ಬನ್ನೇ ನಿಲ್ಲಿಸಿ ನಿಮ್ಮ ಮನೆ ಆದಾಯ ಎಷ್ಟು ಅಂದ್ರೆ ಅವನಿಗೇ ಗೊತ್ತಿರಲ್ಲ.

1970ರ ದಶಕದ ಕೊನೇಲಿ ಇದೇ ಪಾಲಿ ಹಿಲ್ ಬೆಂಗಳೂರು ಪಕ್ಕದ ಆನೇಕಲ್ ತಾಲ್ಲೂಕಿಗೆ ಬಂದು ನಮ್ಮ ರಾಗಿ ಬೆಳೆಯೋ ಹಳ್ಳಿಗಳಲ್ಲಿ ಮನೆಮನೆ ಲೆಕ್ಕ ತಗೊಂಡ್ರು, ಹೌಸಾ ನಾಡಿಗೂ ಆನೇಕಲ್‌ಗೂ ಹೋಲಿಸಿ 1982ರಲ್ಲಿ ಪುಸ್ತಕ ತಂದ್ರು. ಎರಡೂ ಕಡೆ ಮಳೆಯಾಶ್ರಿತ ಬೇಸಾಯ, ಎರಡೂ ಕಡೆ ಒಂದೇ ಊರೊಳಗೆ ಉಳ್ಳವರು ಇಲ್ಲದವರ ನಡುವೆ ದೊಡ್ಡ ಅಂತರ. ಆದ್ರೆ ನಮ್ಮಲ್ಲಿ ಜಾತಿ ಇತ್ತು, ಜಮೀನೇ ಇಲ್ಲದೆ ಕೂಲಿ ನಂಬ್ಕೊಂಡ ಮನೆಗಳಿದ್ವು. ಇಂಥ ಊರನ್ನೆಲ್ಲ ಬಡ ರೈತರು ಅಂತ ಒಂದೇ ಮಾತಲ್ಲಿ ಕಟ್ಟಿಹಾಕೋದನ್ನ ಅವರು ಜೀವನಪೂರ್ತಿ ವಿರೋಧಿಸಿದ್ರು. ಆ ಹಳ್ಳಿಗಳ ಆಸುಪಾಸಲ್ಲಿ ಇವತ್ತು ಜಿಗಣಿ, ಬೊಮ್ಮಸಂದ್ರದ ಫ್ಯಾಕ್ಟರಿಗಳಿವೆ.

ಈಗ ವಿಶ್ವಬ್ಯಾಂಕ್ ನೆರವಿನ ಸರ್ವೆಗಳು ಮಲಾವಿ, ಉಗಾಂಡ, ತಾಂಜಾನಿಯಾ, ಇಥಿಯೋಪಿಯಾ, ನೈಜೀರಿಯಾದಂಥ ದೇಶಗಳಲ್ಲಿ ಒಂದೊಂದು ಹೊಲಕ್ಕೂ ಬೇರೆ ಬೇರೆಯಾಗಿ, ಇದನ್ನ ನೋಡ್ಕೊಳ್ಳೋದು ಯಾರು, ದುಡಿದವರು ಯಾರು ಅಂತ ಕೇಳ್ತಾವೆ, ಆ ಡೇಟಾ ಹೆಸರು ತೆಗೆದು ಎಲ್ಲರಿಗೂ ಫ್ರೀಯಾಗಿ ಸಿಗುತ್ತೆ. ರಾಯಚೂರು, ಕೊಪ್ಪಳ, ವಿಜಯಪುರದ ಕಡೆ ಎಕನಾಮಿಕ್ಸ್ ಓದ್ತಿರೋ ಮಕ್ಕಳೇ, ಜೋಳ, ಸಜ್ಜೆ, ಕಡಲೆಕಾಯಿ, ಗುಳೆ ಹೋಗೋದು ಇದೆಲ್ಲ ನಿಮಗೆ ಮನೇಲೇ ಗೊತ್ತು, ಹೌಸಾ ನಾಡಿನ ಹೊಲದಲ್ಲೂ ಇವೇ ಬೆಳೆ. ಒಂದು ಸಲ ಆ ಡೇಟಾ ತೆಗೆದು ನೋಡಿ, ಪ್ರಶ್ನಾವಳಿಯಿಂದ ಶುರು ಮಾಡಿ, ಪ್ರಶ್ನೆ ಯಾರಿಗೆ ಕೇಳಿದಾರೆ, ಯಾವ ತಿಂಗಳಲ್ಲಿ ಕೇಳಿದಾರೆ ಅಂತ ಮೊದಲು ಓದ್ಕೊಳ್ಳಿ, ಆಮೇಲೆ ಸಂಖ್ಯೆಗೆ ಕೈ ಹಾಕಿ.

ನಮಸ್ಕಾರ.