ಐದು ಲಕ್ಷ ಕೋಟಿ ಡಾಲರ್ ಎಂದರೆ ಎಷ್ಟು?

ಕೇಳುಗರಿಗೆ ನಮಸ್ಕಾರ.

2025ರ ಅಕ್ಟೋಬರ್ 29ರಂದು ಅಮೆರಿಕದ ಎನ್‌ವಿಡಿಯಾ ಎಂಬ ಚಿಪ್ ಕಂಪನಿಯ ಮಾರುಕಟ್ಟೆ ಮೌಲ್ಯ 5 ಲಕ್ಷ ಕೋಟಿ ಡಾಲರ್ ದಾಟಿತು. ಅದಕ್ಕೆ ಮೊದಲು ಜಗತ್ತಿನ ಯಾವ ಕಂಪನಿಯೂ ಆ ಎತ್ತರ ಮುಟ್ಟಿರಲಿಲ್ಲ. ಕೋಲಾರದಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ ನನ್ನನ್ನು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: "ಮೇಡಂ, ಭಾರತದ ಜಿಡಿಪಿಯೇ ಸುಮಾರು 4 ಲಕ್ಷ ಕೋಟಿ ಡಾಲರ್. ಹಾಗಾದರೆ ಆ ಒಂದು ಕಂಪನಿ ನಮ್ಮ ದೇಶಕ್ಕಿಂತ ಶ್ರೀಮಂತವೇ?" ಬಹಳ ಒಳ್ಳೆಯ ಪ್ರಶ್ನೆ. ದೊಡ್ಡವರು ಕೂಡ ಈ ಹೋಲಿಕೆಯನ್ನು ನಂಬಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿರುವುದರಿಂದ, ಇವತ್ತು ಇದನ್ನೇ ಹಿಡಿದು ಮಾತನಾಡಬೇಕೆನಿಸಿತು.

ಮೊದಲು ಲೆಕ್ಕ. ಷೇರುಪೇಟೆಯಲ್ಲಿ ನೋಂದಣಿಯಾದ ಕಂಪನಿಯ ಒಂದು ಷೇರಿಗೆ ಇಂದು ಎಷ್ಟು ಬೆಲೆಯೋ, ಅದನ್ನು ಆ ಕಂಪನಿಯ ಒಟ್ಟು ಷೇರುಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಮಾರುಕಟ್ಟೆ ಮೌಲ್ಯ. ಎನ್‌ವಿಡಿಯಾದ ಷೇರುಗಳು 2,400 ಕೋಟಿಗೂ ಹೆಚ್ಚು. ಅವತ್ತು ಒಂದು ಷೇರಿನ ಬೆಲೆ 200 ಡಾಲರ್ ದಾಟಿತ್ತು. ಗುಣಿಸಿ ನೋಡಿ, 5 ಲಕ್ಷ ಕೋಟಿ ಡಾಲರ್ ಆಗುತ್ತದೆ. ಷೇರಿನ ಬೆಲೆ ದುಬಾರಿಯಾದ ಮಾತ್ರಕ್ಕೆ ಕಂಪನಿ ದೊಡ್ಡದಾಗುವುದಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಟೈರು ಮಾಡುವ ಎಂಆರ್‌ಎಫ್‌ನ ಒಂದು ಷೇರು 2023ರ ಜೂನ್‌ನಲ್ಲಿ 1 ಲಕ್ಷ ರೂಪಾಯಿ ದಾಟಿತು. ಆದರೆ ಆ ಕಂಪನಿಯ ಷೇರುಗಳು ಇರುವುದು 42 ಲಕ್ಷ ಚಿಲ್ಲರೆ. ಹಾಗಾಗಿ ಒಟ್ಟು ಮೌಲ್ಯ 42 ಸಾವಿರ ಕೋಟಿ ರೂಪಾಯಿಯ ಆಸುಪಾಸು. ಇತ್ತ ರಿಲಯನ್ಸ್ ಷೇರಿನ ಬೆಲೆ ಅದರ ಮುಂದೆ ಏನೇನೂ ಅಲ್ಲ, ಆದರೂ 2024ರ ಫೆಬ್ರವರಿಯಲ್ಲಿ 20 ಲಕ್ಷ ಕೋಟಿ ರೂಪಾಯಿ ಮೌಲ್ಯ ದಾಟಿದ ಮೊದಲ ಭಾರತೀಯ ಕಂಪನಿ ಅದೇ.

ಗುಣಾಕಾರ ಸುಲಭ. ಗುಣಾಕಾರದಿಂದ ಬಂದ ಮೊತ್ತ ಎಲ್ಲಿದೆ, ಯಾರ ಬಳಿ ಇದೆ ಎಂಬುದು ಕಷ್ಟದ ಪ್ರಶ್ನೆ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕೋಲಾರದ ಎಪಿಎಂಸಿಗೆ, ಟೊಮೆಟೊ ಮಂಡಿಗೆ ಹೋಗೋಣ. ಹರಾಜಿನ ಹೊತ್ತಿನಲ್ಲಿ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಪ್ಲಾಸ್ಟಿಕ್ ಬಾಕ್ಸ್‌ಗಳ ಸಾಲು, ಪ್ರತಿ ಬಾಕ್ಸ್‌ನಲ್ಲಿ 15 ಕಿಲೋ. ಮಂಡಿಯವರು ಬೆಲೆ ಕೂಗುತ್ತಾ ಸಾಲಿನಿಂದ ಸಾಲಿಗೆ ಸರಿಯುತ್ತಾರೆ, ವ್ಯಾಪಾರಿಗಳ ಗುಂಪು ಅವರ ಹಿಂದೆಯೇ ಸರಿಯುತ್ತದೆ. ಹಣ್ಣಿನ ಬಣ್ಣ, ಗಾತ್ರ, ಗಟ್ಟಿತನ ನೋಡಿ ಬೆಲೆ ನಿಲ್ಲುತ್ತದೆ. 2023ರ ಜುಲೈನಲ್ಲಿ ಇಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿದ್ದು ನಿಮಗೆ ನೆನಪಿರಬೇಕು. ಈಗ ಅವತ್ತಿನ ಬೆಲೆಯನ್ನು ಹಿಡಿದು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆಯ ಹೊಲಗಳಲ್ಲಿ ಇನ್ನೂ ಗಿಡದಲ್ಲೇ ಇದ್ದ ಕಾಯಿಗಳಿಗೆಲ್ಲ ಅದೇ ಬೆಲೆ ಕಟ್ಟಿದರೆ ಜಿಲ್ಲೆಯ ಟೊಮೆಟೊ ಮೌಲ್ಯ ಎಂದು ಒಂದು ದೊಡ್ಡ ಅಂಕಿ ಬರುತ್ತದೆ. ಅಂಕಿ ಸುಳ್ಳಲ್ಲ. ಆದರೆ ಅಷ್ಟು ದುಡ್ಡು ಯಾವ ರೈತನ ಕೈಯಲ್ಲೂ ಇಲ್ಲ. ಎಲ್ಲರೂ ಒಂದೇ ದಿನ ಕಾಯಿ ಕಿತ್ತು ಮಂಡಿಗೆ ತಂದರೆ ಆ ಬೆಲೆ ಮಧ್ಯಾಹ್ನದವರೆಗೂ ಉಳಿಯುವುದಿಲ್ಲ.

ಷೇರುಪೇಟೆಯ ನಡೆಯೂ ಇದೇ. ಒಂದು ದಿನದಲ್ಲಿ ಕೈ ಬದಲಾಗುವುದು ಒಟ್ಟು ಷೇರುಗಳಲ್ಲಿ ಒಂದು ಚಿಕ್ಕ ಪಾಲು. ಆ ಚಿಕ್ಕ ಪಾಲಿಗೆ ಸಿಕ್ಕ ಬೆಲೆಯನ್ನೇ ಉಳಿದೆಲ್ಲಕ್ಕೂ ಹಚ್ಚುತ್ತೇವೆ. ಸೌದಿ ಅರೇಬಿಯಾದ ಅರಾಮ್ಕೊ ತೈಲ ಕಂಪನಿ 2019ರ ಡಿಸೆಂಬರ್‌ನಲ್ಲಿ ತನ್ನ ಷೇರುಗಳಲ್ಲಿ ಕೇವಲ ಶೇಕಡಾ 1.5ರಷ್ಟನ್ನು ಮಾರಿತು. ಎರಡನೆಯ ದಿನವೇ ಕಂಪನಿಯ ಮೌಲ್ಯ 2 ಲಕ್ಷ ಕೋಟಿ ಡಾಲರ್ ಮುಟ್ಟಿತು ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಇನ್ನೂ ಹಿಂದೆ, 2007ರ ನವೆಂಬರ್ 5ರಂದು, ಚೀನಾದ ಪೆಟ್ರೋಚೈನಾ ಕಂಪನಿ ಶಾಂಘೈ ಪೇಟೆಗೆ ಬಂದ ಮೊದಲ ದಿನವೇ 1 ಲಕ್ಷ ಕೋಟಿ ಡಾಲರ್ ದಾಟಿತು. ಶಾಂಘೈನಲ್ಲಿ ಅವತ್ತು ಮಾರಾಟಕ್ಕೆ ಬಂದದ್ದು ಒಟ್ಟು ಷೇರುಗಳಲ್ಲಿ ಶೇಕಡಾ 2ರಷ್ಟು ಮಾತ್ರ. ಸಿಕ್ಕಷ್ಟು ಸಿಗಲಿ ಎಂದು ಜನ ಮುಗಿಬಿದ್ದರು, ಬೆಲೆ ಗಗನಕ್ಕೇರಿತು. ಮುಂದಿನ ವರ್ಷ ಮುಗಿಯುವಷ್ಟರಲ್ಲಿ ಆ ಮೌಲ್ಯದ ಬಹುಪಾಲು ಕರಗಿಹೋಗಿತ್ತು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಜಿಡಿಪಿ ಎಂದರೆ ಒಂದು ದೇಶದ ಗಡಿಯೊಳಗೆ ಒಂದು ವರ್ಷದಲ್ಲಿ ದುಡಿದು ಉತ್ಪಾದಿಸಿದ್ದರ ಮೊತ್ತ. ಮುಂದಿನ ವರ್ಷ ಮತ್ತೆ ಅಷ್ಟು, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ, ಹುಟ್ಟುತ್ತದೆ. ಮಾರುಕಟ್ಟೆ ಮೌಲ್ಯವಾದರೋ ಆ ಕಂಪನಿ ಇನ್ನು ಹತ್ತಾರು ವರ್ಷ ಗಳಿಸಬಹುದಾದ ಲಾಭಕ್ಕೆಲ್ಲ ಹೂಡಿಕೆದಾರರು ಇವತ್ತೇ ಕಟ್ಟಿದ ಬೆಲೆ. ಒಬ್ಬರ ವರ್ಷದ ಸಂಬಳವನ್ನು ಇನ್ನೊಬ್ಬರ ಇಡೀ ಆಸ್ತಿಯ ಪಕ್ಕದಲ್ಲಿಟ್ಟು ಯಾರು ದೊಡ್ಡವರು ಎಂದು ಕೇಳಿದರೆ ಉತ್ತರವೇ ಇಲ್ಲ. ಹೋಲಿಸಲೇಬೇಕೆಂದರೆ ಷೇರಿಗೆ ಷೇರನ್ನು ಹೋಲಿಸಬೇಕು. 5 ಲಕ್ಷ ಕೋಟಿ ಡಾಲರ್ ಎಂದರೆ ಅಂದಿನ ದರದಲ್ಲಿ ಸುಮಾರು 440 ಲಕ್ಷ ಕೋಟಿ ರೂಪಾಯಿ. ಮುಂಬೈ ಷೇರುಪೇಟೆಯಲ್ಲಿ ನೋಂದಣಿಯಾದ ಸಾವಿರಾರು ಕಂಪನಿಗಳನ್ನೆಲ್ಲ ಕೂಡಿಸಿದರೂ ಆಗ ಬರುತ್ತಿದ್ದ ಮೌಲ್ಯ ಅದರ ಹತ್ತಿರ ಹತ್ತಿರವೇ ಇತ್ತು. ಈ ಹೋಲಿಕೆ ನ್ಯಾಯವಾದದ್ದು. ನನ್ನನ್ನು ಬೆರಗುಗೊಳಿಸುವುದೂ ಇದೇ.

ಇನ್ನೊಂದು ಹೋಲಿಕೆ ಕೇಳಿ. ವ್ಯಾಪಾರದ ಮೊತ್ತ ನೋಡಿದರೆ 2025ರ ಆರಂಭದಲ್ಲಿ ಅಮೆರಿಕದ ವಾಲ್‌ಮಾರ್ಟ್ ಜಗತ್ತಿನ ಅತಿದೊಡ್ಡ ಕಂಪನಿಯಾಗಿತ್ತು. 2025ರ ಜನವರಿಗೆ ಮುಗಿದ ವರ್ಷದಲ್ಲಿ ಅದರ ವಹಿವಾಟು ಸುಮಾರು 68,000 ಕೋಟಿ ಡಾಲರ್. ಅದೇ ಅವಧಿಯಲ್ಲಿ ಎನ್‌ವಿಡಿಯಾದ ವಹಿವಾಟು 13,000 ಕೋಟಿ ಡಾಲರ್. ಆಗ ವಾಲ್‌ಮಾರ್ಟ್‌ನಲ್ಲಿ ದುಡಿಯುತ್ತಿದ್ದವರು ಸುಮಾರು 21 ಲಕ್ಷ ಜನ, ಎನ್‌ವಿಡಿಯಾದಲ್ಲಿ 40 ಸಾವಿರಕ್ಕಿಂತ ಕಡಿಮೆ. ಆದರೆ ಲಾಭದ ಸಾಲಿಗೆ ಬನ್ನಿ: ವಾಲ್‌ಮಾರ್ಟ್ ಗಳಿಸಿದ್ದು 2,000 ಕೋಟಿ ಡಾಲರ್‌ಗೂ ಸ್ವಲ್ಪ ಕಡಿಮೆ, ಎನ್‌ವಿಡಿಯಾ ಗಳಿಸಿದ್ದು 7,000 ಕೋಟಿ ಡಾಲರ್‌ಗೂ ಹೆಚ್ಚು. ಅಕ್ಕಿ, ಬೇಳೆ, ಸೋಪು ಮಾರುವ ಅಂಗಡಿಗೆ ನೂರಕ್ಕೆ ಮೂರು ಉಳಿದರೆ, ಕೃತಕ ಬುದ್ಧಿಮತ್ತೆಗೆ ಬೇಕಾದ ಚಿಪ್ ಮಾರುವವರಿಗೆ ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಉಳಿಯುತ್ತಿದೆ. ಹೂಡಿಕೆದಾರರ ಕಣ್ಣು ಇರುವುದು ಆ ಉಳಿಕೆಯ ಮೇಲೆ. ಅಚ್ಚರಿಯ ಸಂಗತಿ ಎಂದರೆ ಎನ್‌ವಿಡಿಯಾ ಚಿಪ್‌ಗಳನ್ನು ತಾನೇ ತಯಾರಿಸುವುದಿಲ್ಲ. ವಿನ್ಯಾಸ ಅದರದು, ತಯಾರಿಕೆ ತೈವಾನ್‌ನ ಟಿಎಸ್‌ಎಂಸಿಯದು.

ಇಷ್ಟು ಉಳಿಕೆ ಎಷ್ಟು ಕಾಲ ಇರುತ್ತದೆ? ಯಾರಿಗೂ ಖಾತ್ರಿಯಿಲ್ಲ. 2025ರ ಜನವರಿ 27ರಂದು, ಚೀನಾದ ಡೀಪ್‌ಸೀಕ್ ಎಂಬ ಕಂಪನಿ ಕಡಿಮೆ ಖರ್ಚಿನಲ್ಲಿ ಕೃತಕ ಬುದ್ಧಿಮತ್ತೆಯ ಮಾದರಿ ಕಟ್ಟಿದೆ ಎಂಬ ಸುದ್ದಿಗೆ ಬೆದರಿ, ಎನ್‌ವಿಡಿಯಾ ಒಂದೇ ದಿನದಲ್ಲಿ ಸುಮಾರು 59,000 ಕೋಟಿ ಡಾಲರ್ ಮೌಲ್ಯ ಕಳೆದುಕೊಂಡಿತು. ಅವತ್ತು ಒಂದು ಯಂತ್ರವೂ ಕೆಟ್ಟಿರಲಿಲ್ಲ, ಒಂದು ಗೋದಾಮಿಗೂ ಬೆಂಕಿ ಬಿದ್ದಿರಲಿಲ್ಲ. ನಂಬಿಕೆ ಅಲುಗಾಡಿತ್ತು, ಅಷ್ಟೇ.

ಜಗತ್ತಿನ ಅತಿ ಹೆಚ್ಚು ಮೌಲ್ಯದ ಕಂಪನಿಗಳ ಪಟ್ಟಿಯ ಹಳೆಯ ಪುಟಗಳನ್ನು ತಿರುವಿದರೆ ಎದೆ ಝಲ್ಲೆನ್ನುತ್ತದೆ. 1989ರಲ್ಲಿ ಜಗತ್ತಿನ ಅತ್ಯಂತ ಮೌಲ್ಯಯುತ ಕಂಪನಿ ಜಪಾನಿನ ದೂರವಾಣಿ ಸಂಸ್ಥೆ ಎನ್‌ಟಿಟಿ. ಅದರ ಹಿಂದೆಯೇ ಜಪಾನಿನ ಬ್ಯಾಂಕುಗಳ ಸಾಲು. ಆ ವರ್ಷದ ಡಿಸೆಂಬರ್ 29ರಂದು ಜಪಾನಿನ ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ನಿಕ್ಕಿ ಸೂಚ್ಯಂಕ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಇಪ್ಪತ್ತೈದನೆಯ ವಯಸ್ಸಿನಲ್ಲಿ ದುಡ್ಡು ಹಾಕಿದವನು ಅಷ್ಟು ಹೊತ್ತಿಗೆ ನಿವೃತ್ತಿಯ ಅಂಚಿಗೆ ಬಂದಿದ್ದ. 2000ದ ಮಾರ್ಚ್‌ನಲ್ಲಿ ಇಂಟರ್ನೆಟ್ಟಿಗೆ ಬೇಕಾದ ಉಪಕರಣ ಮಾಡುವ ಸಿಸ್ಕೊ ಮೊದಲ ಸ್ಥಾನಕ್ಕೇರಿತು. ಇಂಟರ್ನೆಟ್ ಬಂದೇ ಬಂತು, ಸಿಸ್ಕೊ ಕೂಡ 2001ರ ನಷ್ಟವೊಂದನ್ನು ಬಿಟ್ಟರೆ ಲಾಭ ಮಾಡುತ್ತಲೇ ಹೋಯಿತು. ಆದರೂ ಷೇರಿನ ಬೆಲೆ ಹಳೆಯ ಎತ್ತರ ದಾಟಲು 2025ರ ಡಿಸೆಂಬರ್ ಬರಬೇಕಾಯಿತು. ಕಂಪನಿ ಚೆನ್ನಾಗಿದ್ದರೂ ಅತಿಯಾದ ಬೆಲೆ ಕೊಟ್ಟು ಕೊಂಡವರು ಕಾಲು ಶತಮಾನ ಕಾಯಬೇಕಾಗುತ್ತದೆ ಎಂಬುದನ್ನು ಈಗ ಷೇರುಪೇಟೆಗೆ ಕಾಲಿಡುತ್ತಿರುವ ನಮ್ಮ ಹುಡುಗರಿಗೆ ನಾನು ಪದೇ ಪದೇ ಹೇಳುತ್ತೇನೆ.

ಇದೆಲ್ಲ ದೂರದ ಮಾತು ಎನ್ನಬೇಡಿ. ನಮ್ಮ ಜಿಲ್ಲೆ ಷೇರುಪೇಟೆಯ ಬಿಸಿಯನ್ನು ನೂರನಲವತ್ತು ವರ್ಷಗಳ ಹಿಂದೆಯೇ ಕಂಡಿದೆ. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಅಲ್ಲಿನ ಜನ ಕೋಲಾರವನ್ನು ಭೂಪಟದಲ್ಲಷ್ಟೇ ನೋಡಿ ಷೇರು ಕೊಂಡರು. ಕೆಲವೇ ವರ್ಷಗಳಲ್ಲಿ ಬಂಡವಾಳ ಬಹುಪಾಲು ಖರ್ಚಾಯಿತು, ಚಿನ್ನ ಮಾತ್ರ ಸಿಗಲಿಲ್ಲ. ಮುಚ್ಚಿಬಿಡೋಣ ಎಂದು ಷೇರುದಾರರು ಹಟ ಹಿಡಿದರು. ಆಡಳಿತ ವಹಿಸಿದ್ದ ಜಾನ್ ಟೇಲರ್ ಆ ಷೇರುದಾರರನ್ನು ಹೇಗೋ ಒಪ್ಪಿಸಿ, ಉಳಿದ ಹಣದಲ್ಲಿ ಕ್ಯಾಪ್ಟನ್ ಪ್ಲಮರ್ ಎಂಬ ಗಣಿ ಪರಿಣತನನ್ನು ಕಳುಹಿಸಿದ. ಹಳೆಯ ಕಾಲದವರು ತೋಡಿಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಇಳಿದ ಪ್ಲಮರ್‌ಗೆ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು. ಆಮೇಲೆ ಅದೇ ಷೇರುಗಳಿಗೆ ಲಂಡನ್ನಿನಲ್ಲಿ ನೂಕುನುಗ್ಗಲು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದರು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಮೈಸೂರು ಸಂಸ್ಥಾನಕ್ಕೆ ರಾಯಧನ ಬಂತು, ಆ ಆಳದಲ್ಲಿ ಬಂಡೆ ಕೊರೆದವರಿಗೆ ಕೂಲಿ ಬಂತು, ಲಾಭಾಂಶ ಲಂಡನ್ನಿಗೆ ಹೋಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಲಾಭಾಂಶ ಪಡೆದವರ ಮೊಮ್ಮಕ್ಕಳು ಎಲ್ಲಿದ್ದಾರೋ, ಚಿನ್ನ ಬೇರ್ಪಡಿಸಿ ಉಳಿದ ಪುಡಿಯ ಸೈನೈಡ್ ದಿಬ್ಬಗಳ ಧೂಳು ಮಾತ್ರ ಇಂದಿಗೂ ಕೆಜಿಎಫ್‌ನವರ ಮನೆಯೊಳಕ್ಕೇ ಬರುತ್ತದೆ. ಇದು ನನಗೆ ಸಂಕಟದ ವಿಷಯ, ಅದನ್ನು ಮುಚ್ಚಿಡಲಾರೆ.

ಈಗ ನರಸಾಪುರ. ಹೆದ್ದಾರಿಯಲ್ಲಿ ಕೋಲಾರದಿಂದ ಬೆಂಗಳೂರಿನತ್ತ ಹೋಗುವವರು ಪಾಳಿ ಬದಲಾಗುವ ಹೊತ್ತಿನಲ್ಲಿ ಅಲ್ಲಿ ಸಾಲುಗಟ್ಟಿದ ಬಸ್ಸುಗಳನ್ನು ನೋಡಿರುತ್ತೀರಿ. ಕತ್ತಿನಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಊಟದ ಚೀಲ, ಇಳಿಯುವವರಲ್ಲಿ ಹೆಣ್ಣುಮಕ್ಕಳು ಬಹಳ. ಅವರ ಕೈಯಲ್ಲಿ ಜೋಡಣೆಯಾಗುವುದು ಐಫೋನ್. 2018ರ ಆಗಸ್ಟ್‌ನಲ್ಲಿ 1 ಲಕ್ಷ ಕೋಟಿ ಡಾಲರ್ ಮುಟ್ಟಿದ ಮೊದಲ ಅಮೆರಿಕನ್ ಕಂಪನಿಯಾದ ಆ್ಯಪಲ್‌ನ ಫೋನ್ ಅದು. ಘಟಕವನ್ನು ಕಟ್ಟಿದ್ದು ತೈವಾನ್‌ನ ವಿಸ್ಟ್ರಾನ್. 2023ರಲ್ಲಿ ಅದನ್ನು ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. 2020ರ ಡಿಸೆಂಬರ್‌ನಲ್ಲಿ ವೇತನದ ವಿಷಯಕ್ಕೆ ಕಾರ್ಮಿಕರ ಸಿಟ್ಟು ಇಲ್ಲಿ ಸ್ಫೋಟಿಸಿ ಗಲಭೆಯಾದಾಗ ಆ್ಯಪಲ್‌ನ ಮೌಲ್ಯ 2 ಲಕ್ಷ ಕೋಟಿ ಡಾಲರ್‌ಗಿಂತ ಮೇಲಿತ್ತು. ಸಾವಿರ ಡಾಲರಿನ ಫೋನಿನಲ್ಲಿ ಜೋಡಣೆಯ ಕೂಲಿಯ ಪಾಲು ತೀರಾ ಸಣ್ಣದು. ವಿನ್ಯಾಸಕ್ಕೆ, ತಂತ್ರಾಂಶಕ್ಕೆ, ಹೆಸರಿಗೆ ದೊಡ್ಡ ಪಾಲು ಹೋಗುತ್ತದೆ, ಷೇರಿನ ಬೆಲೆ ನಿಂತಿರುವುದೂ ಆ ಪಾಲಿನ ಮೇಲೆಯೇ. ಕಾರ್ಖಾನೆ ಬಂದದ್ದು ನನಗೆ ಸಂತೋಷವೇ. ಮಾಲೂರು, ಮುಳಬಾಗಿಲಿನ ಹಳ್ಳಿಯ ಹುಡುಗಿಯೊಬ್ಬಳು ತಿಂಗಳ ಸಂಬಳ ಎಣಿಸುವುದು ಸಣ್ಣ ಮಾತಲ್ಲ. ಆದರೆ ಜಿಲ್ಲೆಯ ಪಾಲು ಜೋಡಣೆಯಲ್ಲೇ ನಿಲ್ಲಬಾರದು. ಬಿಡಿಭಾಗ ಮಾಡುವ ಸಣ್ಣ ಕಂಪನಿಗಳು, ವಿನ್ಯಾಸ ಕಲಿಸುವ ಪಾಲಿಟೆಕ್ನಿಕ್‌ಗಳು ಇಲ್ಲೇ ಬೆಳೆಯಬೇಕು.

ಕೊನೆಯದಾಗಿ, ನಮ್ಮೂರಿನ ದುಡಿಯುವವರಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿ. ಕಾರ್ಖಾನೆಯಲ್ಲಿ ದುಡಿಯುವವರ ಸಂಬಳದಿಂದ ಭವಿಷ್ಯ ನಿಧಿಗೆ ಹಣ ಕಡಿತವಾಗುತ್ತದಲ್ಲ, 2015ರ ಆಗಸ್ಟ್‌ನಿಂದ ಭವಿಷ್ಯ ನಿಧಿ ಸಂಸ್ಥೆ ಅದರಲ್ಲಿ ಒಂದು ಭಾಗವನ್ನು ಷೇರುಪೇಟೆಯಲ್ಲಿ ಹೂಡುತ್ತಿದೆ. ಹೊಸದಾಗಿ ಬರುವ ಹಣದ ಶೇಕಡಾ 5ರಿಂದ ಆರಂಭವಾಗಿ 2017ರಲ್ಲಿ ಶೇಕಡಾ 15ಕ್ಕೆ ಏರಿತು. ಆ ಹಣ ಮುಖ್ಯವಾಗಿ ಸೆನ್ಸೆಕ್ಸ್ ಮತ್ತು ನಿಫ್ಟಿ ಸೂಚ್ಯಂಕಗಳಲ್ಲಿರುವ ಕಂಪನಿಗಳಿಗೆ, ಅವುಗಳ ಮಾರುಕಟ್ಟೆ ಮೌಲ್ಯಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ಸೂಚ್ಯಂಕ ಕಟ್ಟುವವರು ಮಂಡಿಗೆ ಬಾರದ ಕಾಯಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾಲೀಕರ ಕುಟುಂಬ ಮಾರದೆ ಇಟ್ಟುಕೊಂಡ ಷೇರುಗಳನ್ನು ಬಿಟ್ಟು, ಪೇಟೆಯಲ್ಲಿ ಓಡಾಡುವ ಷೇರುಗಳ ಮೌಲ್ಯವನ್ನಷ್ಟೇ ತೂಗುತ್ತಾರೆ. ಅದಕ್ಕಾಗಿಯೇ ಒಟ್ಟು ಮೌಲ್ಯದಲ್ಲಿ ರಿಲಯನ್ಸ್ ಮುಂದಿದ್ದರೂ ನಿಫ್ಟಿಯಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ತೂಕ ಹೆಚ್ಚು: ರಿಲಯನ್ಸ್‌ನ ಸುಮಾರು ಅರ್ಧದಷ್ಟು ಷೇರು ಪ್ರವರ್ತಕರ, ಅಂದರೆ ಮಾಲೀಕ ಕುಟುಂಬದವರ, ಕೈಯಲ್ಲಿದೆ. ಹೀಗೆ ನರಸಾಪುರದಲ್ಲಿ ಐಫೋನ್ ಜೋಡಿಸುವ ಹೆಣ್ಣುಮಗಳ ಉಳಿತಾಯದ ಒಂದು ಪಾಲು ಈ ದೊಡ್ಡ ಕಂಪನಿಗಳ ಏರಿಳಿತದ ಜೊತೆಗೇ ಸಾಗುತ್ತಿದೆ. ಅವಳು ಜೋಡಿಸುವ ಫೋನಿನ ಕಂಪನಿ ಮಾತ್ರ ಆ ಪಟ್ಟಿಯಲ್ಲಿಲ್ಲ.

ನಮಸ್ಕಾರ.