ಕಾರಣ ಕೇಳದ ಹಾಡು

(ಸಮಸ್ತ ಮೃತರ ಸ್ಮರಣೆಯ ದಿನ ಕಾರವಾರದಲ್ಲಿ ನೀಡಿದ ಉಪನ್ಯಾಸ)

ವಂದನೀಯ ಗುರುಗಳೇ, ಧರ್ಮಭಗಿನಿಯರೇ, ಊರಿನ ಹಿರಿಯರೇ, ಗೆಳೆಯರೇ,

ಇಂದು ನವೆಂಬರ್ 2. ಮಳೆಗಾಲದಲ್ಲಿ ಬೆಳೆದ ಹುಲ್ಲನ್ನು ಗೋರಿಗಳ ಸುತ್ತ ಕಿತ್ತು, ಹೂವಿಟ್ಟು, ಕಡಲ ಗಾಳಿಗೆ ಆರುವ ಮೇಣದಬತ್ತಿಯನ್ನು ಮತ್ತೆ ಮತ್ತೆ ಹಚ್ಚಿ ಬಂದಿದ್ದೀರಿ. ಆ ಆಯಾಸದ ಮೇಲೆ ದೇವಶಾಸ್ತ್ರದ ಪಾಠ ಬೇಡ. ಒಂದು ಹಾಡಿನ ಬಗ್ಗೆ ಮಾತನಾಡುತ್ತೇನೆ.

ಹಾಡನ್ನು ಬರೆದವರು ಥಾಮಸ್ ಡಾರ್ಸಿ. 1899ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿದ ಕಪ್ಪು ಜನಾಂಗದ ಸಂಗೀತಗಾರ, ಧರ್ಮಬೋಧಕರ ಮಗ. ಆದರೆ ಹೊಟ್ಟೆಪಾಡಿಗೆ ನುಡಿಸಿದ್ದು ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಲೌಕಿಕ ಹಾಡುಗಳ ಸಂಗೀತ. ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಅವರು ಧ್ವನಿಮುದ್ರಿಸಿದ ಕೆಲವು ಹಾಡುಗಳನ್ನು ಮನೆಯಲ್ಲಿ ಹಿರಿಯರ ಎದುರು ಹಾಡುವಂತಿಲ್ಲ, ಇಗರ್ಜಿಯ ಮಾತು ದೂರವೇ ಉಳಿಯಿತು. ಅಂಥವರು ನಡುವಯಸ್ಸಿನ ಹೊತ್ತಿಗೆ ಭಕ್ತಿಗೀತೆಯ ಕಡೆ ತಿರುಗಿದರು, ಬ್ಲೂಸ್‌ನ ಲಯವನ್ನು ಮಾತ್ರ ಬಿಡಲಿಲ್ಲ. ಚಿಕಾಗೋದ ಎಷ್ಟೋ ಚರ್ಚುಗಳು ‘ಇದು ಹೆಂಡದಂಗಡಿಯ ಸಂಗೀತ’ ಎಂದು ಅವರಿಗೆ ಬಾಗಿಲು ಹಾಕಿದವು. ನಮ್ಮಲ್ಲಿ ಪೂಜೆಗೆ ತಬಲಾ, ಢೋಲಕ್ ತಂದಾಗ ಹುಬ್ಬು ಗಂಟಿಕ್ಕಿದವರು ಇಲ್ಲಿಯೂ ಕೆಲವರು ಕುಳಿತಿದ್ದೀರಿ, ಹೆಸರು ಹೇಳುವುದಿಲ್ಲ.

1932ರ ಆಗಸ್ಟ್. ತುಂಬು ಗರ್ಭಿಣಿ ಹೆಂಡತಿ ನೆಟ್ಟಿಯನ್ನು ಚಿಕಾಗೋದಲ್ಲಿ ಬಿಟ್ಟು ಡಾರ್ಸಿ ಸೇಂಟ್ ಲೂಯಿಸ್ ನಗರದ ಪ್ರಾರ್ಥನಾ ಕೂಟಕ್ಕೆ ಹೋಗಿದ್ದರು. ಕೂಟ ನಡೆಯುತ್ತಿದ್ದಾಗಲೇ ತಂತಿ ಬಂತು: ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಿದ್ದಾಳೆ. ಮರಳಿ ಬಂದು ಮಗುವನ್ನು ನೋಡಿದರು. ಗಂಡುಮಗು. ಅದೂ ಉಳಿಯಲಿಲ್ಲ. ತಾಯಿ ಮಗುವನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು.

ದೇವರು ತನಗೆ ಅನ್ಯಾಯ ಮಾಡಿದ, ಇನ್ನು ಅವನ ಸೇವೆ ಸಾಕು, ಬ್ಲೂಸ್‌ಗೇ ಮರಳುತ್ತೇನೆ ಎಂದು ಆ ದಿನಗಳಲ್ಲಿ ಅನಿಸಿತ್ತೆಂದು ಡಾರ್ಸಿ ಮುಂದೆ ತಾವೇ ಹೇಳಿಕೊಂಡರು. ಈ ಸಿಟ್ಟನ್ನು ಇಗರ್ಜಿಯ ನಮ್ಮ ಪ್ರಸಂಗಗಳಲ್ಲಿ ಬೇಗ ದಾಟಿಬಿಡುತ್ತೇವೆ, ಅದು ನನಗೆ ಸರಿ ಕಾಣುವುದಿಲ್ಲ. ಬೈಬಲ್ ಅದನ್ನು ಮುಚ್ಚಿಟ್ಟಿಲ್ಲ. 88ನೆಯ ಕೀರ್ತನೆಯನ್ನು ಮನೆಯಲ್ಲಿ ತೆರೆದು ಓದಿ. ಅಳಲಿನಿಂದ ಆರಂಭವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತುತಿಯ ಸಾಲೂ ಇಲ್ಲ. ಆದರೂ ಅದು ಪ್ರಾರ್ಥನೆಯೇ.

ಕೆಲವು ದಿನಗಳ ನಂತರ ಗೆಳೆಯರೊಬ್ಬರು ಡಾರ್ಸಿಯನ್ನು ಪಿಯಾನೋ ಇದ್ದ ಒಂದು ಕೋಣೆಗೆ ಕರೆದುಕೊಂಡು ಹೋದರು. ಬೆರಳಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಹಳೆಯ ರಾಗ, ಅದರ ಮೇಲೆ ಕೂತದ್ದು ಹೊಸ ಮಾತು. ‘ಪ್ರೆಷಸ್ ಲಾರ್ಡ್, ಟೇಕ್ ಮೈ ಹ್ಯಾಂಡ್’ ಹುಟ್ಟಿದ್ದು ಹೀಗೆ. ದಣಿದಿದ್ದೇನೆ, ಸೋತಿದ್ದೇನೆ, ಬಿರುಗಾಳಿಯಲ್ಲಿ, ಇರುಳಿನಲ್ಲಿ ಕೈಹಿಡಿದು ಮನೆ ಮುಟ್ಟಿಸು: ಹಾಡಿನಲ್ಲಿ ಇರುವುದು ಇಷ್ಟೇ. ಹೆಂಡತಿಯ ಹೆಸರಿಲ್ಲ, ಮಗುವಿನ ಸುದ್ದಿ ಇಲ್ಲ. ‘ಯಾಕೆ ಹೀಗೆ ಮಾಡಿದೆ’ ಎಂಬ ಪ್ರಶ್ನೆ ಇಲ್ಲ. ‘ನಿನ್ನ ಚಿತ್ತ ನನಗೆ ಅರ್ಥವಾಯಿತು’ ಎಂಬ ಸುಳ್ಳೂ ಇಲ್ಲ.

ಸಾವಿನ ಮನೆಯಲ್ಲಿ ನಾವು ಆಡುವ ಮಾತಿಗೂ ಇದಕ್ಕೂ ಎಷ್ಟು ದೂರ ನೋಡಿ. ‘ದೇವರ ಚಿತ್ತ’ ಎನ್ನುತ್ತೇವೆ. ‘ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ’ ಎನ್ನುತ್ತೇವೆ, ಉಳಿದ ನಾವೆಲ್ಲ ಏನಾದೆವು ಎಂದು ಯೋಚಿಸುವುದಿಲ್ಲ. ಬೈಬಲ್‌ನಲ್ಲಿ ಮಕ್ಕಳು, ಆಸ್ತಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದು ಕಾರಣ ಹೇಳಲು ಹೊರಟ ಮೇಲೆ.

ಹೊನ್ನಾವರದ ಕಡೆಯ ಒಂದು ಮನೆ. ದೋಣಿಯಲ್ಲಿ ಹೋದ ಮಗ ಹಿಂದಿರುಗಿರಲಿಲ್ಲ. ಬಂದವರೆಲ್ಲ ಹೇಳುವುದನ್ನು ಹೇಳಿದರು, ತಾಯಿ ತಲೆಯಾಡಿಸುತ್ತ ಕುಳಿತಿದ್ದರು, ಕಣ್ಣು ಯಾರ ಮೇಲೂ ಇರಲಿಲ್ಲ. ರಾತ್ರಿ ಜಪಸರ ಮುಗಿದು ಕೊಂಕಣಿ ಹಾಡು ಎತ್ತಿಕೊಂಡಾಗ ಮೊದಲ ಚರಣಕ್ಕೆ ಸುಮ್ಮನಿದ್ದರು. ಎರಡನೆಯದಕ್ಕೆ ತುಟಿ ಅಲುಗಿತು. ಮೂರನೆಯದರಲ್ಲಿ ಶ್ರುತಿ ತಪ್ಪಿದ ದನಿಯೊಂದು ಎಲ್ಲರಿಗಿಂತ ಜೋರಾಗಿ ಕೇಳಿಸಿತು. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಹಾಡು ಅದು. ಆ ಹೊತ್ತಿನಲ್ಲಿ ಹೊಸದಾಗಿ ಮಾತು ಹುಡುಕುವ ಕಷ್ಟವನ್ನು ಅದು ಅವರಿಗೆ ತಪ್ಪಿಸಿತು. ನಂಬಿಕೆಯಿಂದ ಸಾಂತ್ವನ ಸಿಗುತ್ತದೆ ಎಂದಾಗ ನಾನು ಹೇಳುತ್ತಿರುವುದು ಇದನ್ನೇ. ಅಳು ನಿಲ್ಲಲಿಲ್ಲ, ಆದರೆ ಒಬ್ಬರೇ ಅಳುವುದು ನಿಂತಿತು.

ಕನ್ನಡಿಗರಿಗೆ ಈ ಬಗೆಯ ಬೇಡಿಕೆ ಹೊಸದೇನೂ ಅಲ್ಲ. ಬಿ.ಎಂ.ಶ್ರೀ. ಅವರ ‘ಕರುಣಾಳು ಬಾ ಬೆಳಕೆ’ಯನ್ನು ಶಾಲೆಯಲ್ಲಿ ಹಾಡದವರು ಕಡಿಮೆ, ಅದರ ಮೂಲ ಕ್ರೈಸ್ತ ಗೀತೆಯೆಂದು ತಿಳಿದವರು ಇನ್ನೂ ಕಡಿಮೆ. ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಅದನ್ನು ಬರೆದದ್ದು 1833ರಲ್ಲಿ. ಸಿಸಿಲಿಯಲ್ಲಿ ಜ್ವರದಿಂದ ಸಾಯುವಂತಾಗಿ ಬದುಕಿ, ಕಿತ್ತಳೆ ಸಾಗಿಸುವ ಹಡಗು ಹತ್ತಿ ಊರಿಗೆ ಹೊರಟವರು, ಗಾಳಿಯಿಲ್ಲದೆ ನಡುಸಮುದ್ರದಲ್ಲಿ ನಿಂತುಬಿಟ್ಟರು. ಅಲ್ಲಿ ಅವರು ದಡ ತೋರಿಸೆಂದು ಕೇಳಲಿಲ್ಲ, ಮುಂದಿನ ಒಂದು ಹೆಜ್ಜೆ ಕಂಡರೆ ಸಾಕೆಂದರು.

ಡಾರ್ಸಿಯ ಹಾಡು ಅವರೊಬ್ಬರದಾಗಿ ಉಳಿಯಲಿಲ್ಲ. 1968ರ ಏಪ್ರಿಲ್ 4ರ ಸಂಜೆ, ಮೆಂಫಿಸ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಆ ರಾತ್ರಿಯ ಸಭೆಯಲ್ಲಿ ಈ ಹಾಡನ್ನೇ ನುಡಿಸಬೇಕೆಂದು ವಾದ್ಯಗಾರರೊಬ್ಬರಿಗೆ ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ಗುಂಡು ತಗಲಿತು. ಅವರ ಅಂತ್ಯಸಂಸ್ಕಾರದಲ್ಲಿ ಅದನ್ನು ಹಾಡಿದವರು ಭಕ್ತಿಗೀತೆಗಳ ಹೆಸರಾಂತ ಗಾಯಕಿ ಮಹಾಲಿಯಾ ಜಾಕ್ಸನ್. ಗುಲಾಮರ ಮೊಮ್ಮಕ್ಕಳು ಕಟ್ಟಿದ ಈ ಸಂಗೀತವನ್ನು ಕೇಳುವಾಗ ನನಗೆ ನಮ್ಮದೇ ಜಿಲ್ಲೆಯ ಹಳಿಯಾಳ, ಯಲ್ಲಾಪುರದ ಸಿದ್ದಿ ಕ್ರೈಸ್ತರ ನೆನಪಾಗುತ್ತದೆ. ಅವರ ಹಿರಿಯರನ್ನೂ ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ್ದರು. ಅವರ ಡಮಾಮಿ ಡೋಲಿಗೆ ನಮ್ಮ ದೊಡ್ಡ ಇಗರ್ಜಿಗಳಲ್ಲಿ ಇನ್ನಷ್ಟು ಜಾಗ ಇರಬೇಕಿತ್ತು. ಗುರುಗಳು ಮುಂದೆಯೇ ಕುಳಿತಿದ್ದಾರೆ, ಕೇಳಿಸಿಕೊಂಡಿರಬಹುದು.

ಈಗ ಗಾಯನವೃಂದದ ಮಕ್ಕಳು ಈ ಹಾಡನ್ನು ಹಾಡುತ್ತಾರೆ. ಮಕ್ಕಳೇ, ಒಂದು ಕೋರಿಕೆ. ಶ್ರುತಿ ತೀರ ಮೇಲೆ ಹಿಡಿಯಬೇಡಿ, ಹಿಂದಿನ ಸಾಲಿನ ಅಜ್ಜಿಯಂದಿರಿಗೂ ಎಟುಕಲಿ. ಕೀಬೋರ್ಡಿನಲ್ಲಿ ತಾಳದ ಗುಂಡಿ ಇದೆಯಲ್ಲ, ದಯವಿಟ್ಟು ಅದನ್ನು ಒತ್ತಬೇಡಿ. ಸಾಲು ಸಾಲಿನ ನಡುವೆ ಉಸಿರೆಳೆದುಕೊಳ್ಳಲು ಬಿಡಿ, ಹಿಂದೆ ಬಿದ್ದವರು ಬಂದು ಸೇರಿಕೊಂಡ ಮೇಲೆ ಮುಂದಿನ ಸಾಲು ಎತ್ತಿಕೊಳ್ಳಿ.