ದಣಿವು ಆರುತ್ತದೆ, ತ್ರಾಣ ಬರುತ್ತದೆ

ಕೇಳುಗರಿಗೆ ನಮಸ್ಕಾರ.

ಹೋದ ಶಕ್ತಿ ಮರಳಿ ಬಂದದ್ದನ್ನು ಹೇಳಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ದಣಿವಾರಿಸಿಕೊಳ್ಳುತ್ತೇವೆ, ಸುಧಾರಿಸಿಕೊಳ್ಳುತ್ತೇವೆ, ಚೇತರಿಸಿಕೊಳ್ಳುತ್ತೇವೆ, ಹುಷಾರಾಗುತ್ತೇವೆ. ಮೈಗೆ ತ್ರಾಣ ಬರುತ್ತದೆ, ಮಣ್ಣಿಗೆ ಕಸುವು ತುಂಬುತ್ತದೆ, ಮನಸ್ಸಿಗೆ ಹುರುಪು ಬರುತ್ತದೆ. ಇಷ್ಟೆಲ್ಲ ಇದ್ದೂ ಬರವಣಿಗೆಯಲ್ಲಿ ಎಲ್ಲದಕ್ಕೂ ‘ಪುನಶ್ಚೇತನ’, ಮಾತಿನಲ್ಲಿ ಎಲ್ಲದಕ್ಕೂ ‘ರೀಚಾರ್ಜ್’ ಅನ್ನುವ ರೂಢಿ ಬೆಳೆಯುತ್ತಿದೆ. ಕಳೆದುಹೋದದ್ದು ಏನು ಎಂದು ಮೊದಲು ಕೇಳಿಕೊಂಡರೆ ಸರಿಯಾದ ಪದ ಸಾಮಾನ್ಯವಾಗಿ ತಾನಾಗಿಯೇ ನಾಲಿಗೆಗೆ ಬರುತ್ತದೆ.

ದಣಿವಿನಿಂದ ಶುರು ಮಾಡೋಣ. ದಣಿವು ಹೋಗುವುದಿಲ್ಲ, ಆರುತ್ತದೆ. ಬಿಸಿ ಹಾಲು ಆರುವುದು, ಒದ್ದೆ ಬಟ್ಟೆ ಆರುವುದು, ಮೈಮೇಲಿನ ಬೆವರು ಆರುವುದು, ಎಲ್ಲಕ್ಕೂ ಇದೇ ಕ್ರಿಯಾಪದ. ಕೆಲಸದಿಂದ ಏರಿದ ಮೈಕಾವು ಇಳಿದು ಬೆವರು ಒಣಗುವಷ್ಟು ಹೊತ್ತು ಕೂತರೆ ಅದೇ ದಣಿವಾರಿಸಿಕೊಳ್ಳುವುದು. ಆದ್ದರಿಂದ ಈ ಮಾತು ಮೈಮುರಿದು ದುಡಿದವರಿಗೆ, ನಡೆದು ಬಂದವರಿಗೆ, ನೊಗ ಇಳಿಸಿದ ಎತ್ತಿಗೆ ಒಪ್ಪುತ್ತದೆ. 3 ತಿಂಗಳು ಹಾಸಿಗೆ ಹಿಡಿದು ಎದ್ದವರಿಗೆ ಒಪ್ಪುವುದಿಲ್ಲ.

ದಣಿವಿನ ನೆಂಟ ಪದಗಳಿಗೂ ಒಂದೊಂದಕ್ಕೆ ಅದರದೇ ಜೊತೆ ಇದೆ. ಆಯಾಸ ಪರಿಹಾರವಾಗುತ್ತದೆ, ಬಳಲಿಕೆ ಕಳೆಯುತ್ತದೆ, ಸುಸ್ತು ಇಳಿಯುತ್ತದೆ. ‘ಸುಸ್ತು ಆರಿತು’ ಎಂದರೆ ಕಿವಿಗೆ ಕೂಡಲೇ ತೊಡರುತ್ತದೆ. ನಿತ್ರಾಣದ ದಾರಿ ಇನ್ನೂ ಬೇರೆ. ‘ನಿತ್ರಾಣ ಹೋಯಿತು’ ಎಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ, ‘ಮೈಗೆ ಸ್ವಲ್ಪ ತ್ರಾಣ ಬಂತು’ ಅನ್ನುತ್ತಾರೆ. ದಣಿವು ನಮ್ಮ ಮೇಲೆ ಬಂದು ಕೂತದ್ದು, ಅದು ಇಳಿಯಬೇಕು. ತ್ರಾಣ ನಮ್ಮಿಂದ ಹೋದದ್ದು, ಅದು ಮರಳಬೇಕು. ಹೊಸದಾಗಿ ಕನ್ನಡ ಬರೆಯುವವರು ತಪ್ಪುವುದು ಹೆಚ್ಚಾಗಿ ಇಲ್ಲೇ, ಕ್ರಿಯಾಪದದ ಆಯ್ಕೆಯಲ್ಲಿ.

ಇನ್ನು ‘ಕೊಳ್ಳು’. ಈ ಸಹಾಯಕ ಕ್ರಿಯಾಪದದ ಕೆಲಸ ದೊಡ್ಡದು. ‘ತಾಯಿ ಮಗುವಿನ ದಣಿವಾರಿಸಿದಳು’ ಅಂದರೆ ದಣಿದದ್ದು ಮಗು. ‘ತಾಯಿ ದಣಿವಾರಿಸಿಕೊಂಡಳು’ ಅಂದರೆ ದಣಿದವಳು ತಾಯಿಯೇ. ಚೇತರಿಸು ಎಂಬುದಕ್ಕೆ ಈ ಎರಡು ದಾರಿಗಳಿಲ್ಲ. ‘ಬಾಡಿದ ಗಿಡ ಚೇತರಿಸಿತು’, ‘ಚೇತರಿಸಿಕೊಂಡಿತು’, ಎರಡೂ ಸರಿ, ಎರಡರಲ್ಲೂ ಚೇತರಿಕೆ ಗಿಡದ್ದೇ. ಆದರೆ ‘ವೈದ್ಯರು ರೋಗಿಯನ್ನು ಚೇತರಿಸಿದರು’ ಎಂಬ ವಾಕ್ಯ ನಿಲ್ಲುವುದಿಲ್ಲ, ಏಕೆಂದರೆ ಈ ಕ್ರಿಯಾಪದ ಕರ್ಮವನ್ನು ಹೊರುವುದಿಲ್ಲ. ‘ಚೇತರಿಸಿಕೊಳ್ಳುವಂತೆ ಮಾಡಿದರು’ ಎಂದೇ ಬರೆಯಬೇಕು. ಯಾವುದರಿಂದ ಎಂದು ಹೇಳಬೇಕಾದಾಗ ‘ಇಂದ’ ಸೇರುತ್ತದೆ: ಆಘಾತದಿಂದ ಚೇತರಿಸಿಕೊಂಡರು, ನಷ್ಟದಿಂದ ಚೇತರಿಸಿಕೊಂಡರು.

ಕಾಯಿಲೆಯ ಸುದ್ದಿ ಬರೆಯುವಾಗ ಕರ್ತೃ ಯಾರು ಎಂಬುದನ್ನು ಗಮನಿಸಬೇಕು. ವಾಸಿಯಾಗುವುದು ಜ್ವರ, ಚೇತರಿಸಿಕೊಳ್ಳುವುದು ಮನುಷ್ಯ. ಇವೆರಡರ ನಡುವೆ ದಿನಗಳ, ಕೆಲವೊಮ್ಮೆ ವಾರಗಳ ಅಂತರ ಇರುತ್ತದೆ. ಜ್ವರ ಬಿಟ್ಟಿದೆ, ಆದರೆ ನಾಲ್ಕು ಹೆಜ್ಜೆ ಇಟ್ಟರೆ ಕಾಲು ಸೋಲುತ್ತದೆ, ಊಟ ಸೇರುತ್ತಿಲ್ಲ ಎಂದರೆ ಕಾಯಿಲೆ ವಾಸಿಯಾಗಿದೆ, ಅವರು ಇನ್ನೂ ಚೇತರಿಸಿಕೊಂಡಿಲ್ಲ. ‘ಗುಣಮುಖ’ವೂ ಮನುಷ್ಯನಿಗೇ ಸೇರಿದ್ದು. ‘ಕಾಯಿಲೆ ಗುಣಮುಖವಾಯಿತು’ ಎಂದು ಬರೆದರೆ ಕಾಯಿಲೆಗೇ ಆರೋಗ್ಯ ಬಂದಂತಾಗುತ್ತದೆ. ಆಡುಮಾತಿನಲ್ಲಿ ಮೈಸೂರು, ಬೆಂಗಳೂರಿನ ಕಡೆ ‘ಹುಷಾರಾದರು’ ಎಂದರೆ ಮುಗಿಯಿತು. ಧಾರವಾಡ, ಬೆಳಗಾವಿಯ ಕಡೆ ‘ಆರಾಮಾದರು’ ಅನ್ನುತ್ತಾರೆ. ಅಲ್ಲಿ ‘ಆರಾಮಿಲ್ಲ’ ಅಂದರೆ ಮೈ ಸರಿಯಿಲ್ಲ ಎಂದರ್ಥ. ಬಿಡುವಿಲ್ಲ ಎಂದು ತಿಳಿದರೆ ಪೇಚಿಗೆ ಸಿಕ್ಕಂತೆ.

ಸುಧಾರಿಸಿಕೊಳ್ಳು ಬಹಳ ಸೊಗಸಾದ ಮಾತು, ತುಸು ಎಚ್ಚರ ಬೇಡುವ ಮಾತೂ ಹೌದು. ‘ಮೆಟ್ಟಿಲು ಹತ್ತಿ ಬಂದಿದ್ದೀರಿ, ಸ್ವಲ್ಪ ಸುಧಾರಿಸಿಕೊಳ್ಳಿ’ ಎಂಬಲ್ಲಿ ಉಸಿರು ಹದಕ್ಕೆ ಬರಲಿ ಎಂಬ ಅಕ್ಕರೆ ಇದೆ. ‘ಇದ್ದುದರಲ್ಲೇ ಸುಧಾರಿಸಿಕೊಂಡು ಹೋಗು’ ಎಂಬಲ್ಲಿ ಹೊಂದಿಕೊಂಡು ನಡೆ ಎಂಬ ಬುದ್ಧಿಮಾತು ಇದೆ. ‘ಕೊಳ್ಳು’ ಬಿಟ್ಟು ‘ಅವನು ಸುಧಾರಿಸಿದ’ ಎಂದರೆ ನಡತೆ ತಿದ್ದಿಕೊಂಡ ಎಂದಾಗುತ್ತದೆ. ಹಾಗಾಗಿ ದಣಿದು ಬಂದವರಿಗೆ ಹೇಳುವಾಗ ‘ಸ್ವಲ್ಪ’, ‘ಒಂದೈದು ನಿಮಿಷ’ ಎಂದು ಹೊತ್ತಿನ ಅಳತೆಯನ್ನೂ ಸೇರಿಸುತ್ತೇವೆ. ಅದೊಂದು ಸೇರಿದರೆ ಅರ್ಥ ಬೇರೆಡೆಗೆ ಜಾರುವುದಿಲ್ಲ.

ವಿಶ್ರಾಂತಿ ಮತ್ತು ವಿರಾಮ ಒಂದೇ ಅಲ್ಲ. ವಿಶ್ರಾಂತಿಯ ಒಳಗೆ ಶ್ರಮ ಇದೆ, ಶ್ರಮಪಟ್ಟವರು ಅದರಿಂದ ಬಿಡುಗಡೆ ಪಡೆಯುವುದು ಅದು. ವಿರಾಮ ಬರೀ ನಿಲುಗಡೆ, ಅದಕ್ಕೇ ವಾಕ್ಯಕ್ಕೆ ಪೂರ್ಣವಿರಾಮ ಇದೆ, ಪೂರ್ಣವಿಶ್ರಾಂತಿ ಇಲ್ಲ. ವೈದ್ಯರು ರೋಗಿಗೆ ಪೂರ್ಣ ವಿಶ್ರಾಂತಿ ಹೇಳುತ್ತಾರೆಯೇ ಹೊರತು ಪೂರ್ಣ ವಿರಾಮ ಹೇಳುವುದಿಲ್ಲ.

ಈಗ ಪುನಶ್ಚೇತನ. ಮೊದಲು ಕಾಗುಣಿತ. ಪುನಃ ಮತ್ತು ಚೇತನ ಸೇರಿದಾಗ ವಿಸರ್ಗವೇ ಶಕಾರವಾಗುತ್ತದೆ. ಆದ್ದರಿಂದ ವಿಸರ್ಗವನ್ನೂ ಇಟ್ಟು ಶಕಾರವನ್ನೂ ಸೇರಿಸಿ ‘ಪುನಃಶ್ಚೇತನ’ ಎಂದು ಬರೆಯುವುದು ತಪ್ಪು. ಉಜ್ಜೀವನದ ಜೊತೆ ಸೇರಿದಾಗ ಅದೇ ವಿಸರ್ಗ ರಕಾರವಾಗಿ ಪುನರುಜ್ಜೀವನ ಆಗುತ್ತದೆ. ಅರ್ಥದಲ್ಲಿ ಇವು ಸಂಸ್ಥೆಗೆ, ಕಲೆಗೆ, ಕೆರೆಗೆ, ನಿಂತುಹೋದ ಯೋಜನೆಗೆ ಹೊಂದುತ್ತವೆ. ಹಳೆಯ ದೇವಸ್ಥಾನಕ್ಕೆ ಜೀರ್ಣೋದ್ಧಾರ ಎಂಬ ಪದ ನೆಲೆಯೂರಿದೆ, ಅದನ್ನು ಬದಲಿಸುವ ಅಗತ್ಯವಿಲ್ಲ. ಕಾಯಕಲ್ಪ ಮೂಲತಃ ದೇಹಕ್ಕೆ ಮಾಡುವ ಚಿಕಿತ್ಸೆ, ಈಗ ಬಸ್ ನಿಲ್ದಾಣಕ್ಕೂ ಬಂದಿದೆ. ಗೋಡೆಗೆ ಸುಣ್ಣ ಬಳಿದದ್ದಕ್ಕೆಲ್ಲ ಅದನ್ನು ಬಳಸಿದರೆ ಪದವೇ ಸವೆದುಹೋಗುತ್ತದೆ.

ರೀಚಾರ್ಜ್ ಎಂಬುದಕ್ಕೆ ನಮ್ಮಲ್ಲಿ ಗಟ್ಟಿಯಾದ ಒಂದು ಜಾಗ ಇದೆ. ಮೊಬೈಲಿಗೆ ದುಡ್ಡು ಕಟ್ಟಿ ‘ರೀಚಾರ್ಜ್ ಮಾಡಿಸುತ್ತೇವೆ’, ‘ಕರೆನ್ಸಿ ಹಾಕಿಸುತ್ತೇವೆ’. ಬ್ಯಾಟರಿ ಇಳಿದರೆ ‘ಚಾರ್ಜಿಗೆ ಹಾಕುತ್ತೇವೆ’. ‘ರಜೆಯಲ್ಲಿ ರೀಚಾರ್ಜ್ ಆಗಿ ಬಂದೆ’ ಎಂಬ ವಾಕ್ಯದಲ್ಲಿ ಮಾತ್ರ ಏನು ಕಳೆದಿತ್ತು ಎಂಬುದೇ ತಿಳಿಯುವುದಿಲ್ಲ. ದಣಿದಿದ್ದವರು ದಣಿವಾರಿಸಿಕೊಂಡು ಬರುತ್ತಾರೆ, ಬೇಸತ್ತಿದ್ದವರು ಹುರುಪು ತುಂಬಿಕೊಂಡು ಬರುತ್ತಾರೆ.

ನೆಲದಡಿಯ ನೀರಿನ ವಿಷಯದಲ್ಲಿ ‘ಮರುಪೂರಣ’ ಎಂಬ ಒಳ್ಳೆಯ ಪದ ಬಳಕೆಯಲ್ಲಿದೆ. ಖಾಲಿಯಾದದ್ದನ್ನು ಮತ್ತೆ ತುಂಬುವುದು ಎಂಬ ಅರ್ಥ ಅದರಲ್ಲೇ ಇದೆ. ಮಳೆನೀರನ್ನು ಸೋಸಿ ಕೊಳವೆಬಾವಿಯ ಸುತ್ತ ಇಂಗಿಸುವ ಕೆಲಸಕ್ಕೆ ಮರುಪೂರಣ ಎನ್ನಬೇಕು. ಹಾಗೆ ಇಂಗಿಸಿದ ಮೇಲೆ ಬತ್ತಿದ ಬಾವಿ ಮತ್ತೆ ನೀರು ಕೊಟ್ಟರೆ ಅದು ಪುನಶ್ಚೇತನ. ಮರುಪೂರಣ ಮಾಡಿದ ದಿನವೇ ಬಾವಿ ಪುನಶ್ಚೇತನಗೊಂಡಿತು ಎಂದು ಬರೆದುಬಿಟ್ಟರೆ, ಇನ್ನೂ ಬಾರದ ನೀರನ್ನು ಬಂದಿದೆ ಎಂದು ಹೇಳಿದಂತಾಗುತ್ತದೆ.

ನಮಸ್ಕಾರ.